ಬಾಣಲೆ ಮೇಲೆ, ಸಲಿಕೆ ಕೆಳಗೆ

ಚಿಲ್ಕೂಟ್ ಕಣಿವೆದಾರಿಯ ನೆತ್ತಿಯಲ್ಲಿ ಹೈರಮ್ ಟಟಲ್ ಹಿಟ್ಟಿನ ಮೂಟೆಗಳ ಮೇಲೆ ಕೂತು ಎರಡು ದಿನದಿಂದ ಬಾಮೈದ ಲೆಮ್‌ನನ್ನು ಶಪಿಸುತ್ತಿದ್ದ. ಕ್ಲಾಂಡೈಕಿನ ಚಿನ್ನಕ್ಕೆ ಹೊರಟವರ ಬಳಿ ವರ್ಷಕ್ಕಾಗುವ ದಿನಸಿ, ಹತ್ಯಾರ ಎಲ್ಲ ಇರಬೇಕು, ಒಂದು ಕಡಿಮೆಯಾದರೂ ಗಡಿ ದಾಟಿಸುವುದಿಲ್ಲ ಎಂಬುದು ಪೊಲೀಸರ ಕಟ್ಟಪ್ಪಣೆ. ಭಾವ ಬಾಮೈದ ಇಬ್ಬರೂ ತಲಾ ನಲವತ್ತು ಸಲ ಹಿಮದ ಮೆಟ್ಟಿಲು ಹತ್ತಿ ಎಲ್ಲ ಹೊತ್ತು ತಂದಿದ್ದರು. ಕೊನೆಗೆ ಸಾರ್ಜೆಂಟ್ ಪಟ್ಟಿ ನೋಡಿ, "ಬಾಣಲೆ ಎಲ್ಲಿ?" ಎಂದಿದ್ದ.

ಬಾಣಲೆ ಕೆಳಗಿನ ಬಿಡಾರದಲ್ಲೇ ಉಳಿದಿತ್ತು.

"ಹೋಗಿ ತರ್ತೀನಿ ಬಿಡಿ ಭಾವ," ಎಂದು ಲೆಮ್ ಸಲಿಕೆಯ ಮೇಲೆ ಕೂತು ಸೊಯ್ಯನೆ ಜಾರಿ ಹೋದ. ಅಲ್ಲಿ ಎಲ್ಲರೂ ಇಳಿಯುವುದು ಹಾಗೇ. ಹತ್ತುವುದಕ್ಕೆ ಆರು ತಾಸು, ಇಳಿಯುವುದಕ್ಕೆ ಮೂರು ನಿಮಿಷ. ಹೈರಮ್ ಒಬ್ಬ ಮಾತ್ರ ಪ್ರತಿ ಸಲವೂ ನಡೆದೇ ಇಳಿದಿದ್ದ. ಓಹಿಯೋದ ಶಾಲಾ ಮೇಷ್ಟ್ರು ಅಂಡೂರಿಕೊಂಡು ಜಾರುವುದುಂಟೆ?

ಸಂಜೆ ಲೆಮ್ ಬಾಣಲೆ ತಂದ. ಸಲಿಕೆಯನ್ನು ಕೆಳಗೇ ಬಿಟ್ಟಿದ್ದ. ಮರುದಿನ ಬಾಣಲೆಯಲ್ಲಿ ಕೂತು ಇಳಿದು ಸಲಿಕೆ ತಂದ, ಬಾಣಲೆ ಮರೆತ. ಹೋದ ಪುಟ್ಟ, ಬಂದ ಪುಟ್ಟ.

"ನಿನ್ನ ತಲೇಲಿ ಏನಿದೆಯೋ, ಹುರುಳಿಕಾಳಾ?" ಎಂದು ಹೈರಮ್ ಹಲ್ಲು ಕಡಿದ.

ಆಚೆಯ ಸರೋವರದಲ್ಲಿ ದೋಣಿ ಕಟ್ಟಿದ್ದ ಇವರ ಊರಿನವರು ಇಬ್ಬರಿಗೂ ಜಾಗ ಇಟ್ಟುಕೊಂಡು ಭಾನುವಾರ ಬೆಳಿಗ್ಗೆ ಹೊರಡುವವರಿದ್ದರು. ಒಂದು ಗಳಿಗೆಯೂ ಕಾಯುವುದಿಲ್ಲ ಎಂದಿದ್ದರು. ಇವತ್ತೇ ಶನಿವಾರ. ಹೆಂಡತಿಯ ಹೊಲಿಗೆ ಯಂತ್ರ ಮಾರಿ ಬಂದಿದ್ದ ಹೈರಮ್‌ಗೆ, ಬರಿಗೈಲಿ ಬಂದರೆ ಬಾಗಿಲು ತೆಗೆಯಲ್ಲ ಎಂದು ಅವಳು ಹೇಳಿದ್ದು ಕಿವಿಯಲ್ಲೇ ಇತ್ತು. ಪಕ್ಕದ ಗುಂಪಿನವನ ಹತ್ತಿರ ಒಂದು ಬಾಣಲೆ ಕೇಳಿದ.

"ಬೇಕಾದ್ರೆ ನನ್ನ ಎರಡು ಹಲ್ಲು ಕಿತ್ಕೊಳ್ಳಿ ಮೇಷ್ಟ್ರೇ. ಬಾಣಲೆ ಮಾತ್ರ ಕೇಳ್ಬೇಡಿ."

ಹೈರಮ್ ಎದ್ದ. "ಸಲಿಕೆ ಕೊಡೋ ಇಲ್ಲಿ. ನಾನೇ ಹೋಗ್ತೀನಿ. ನಡಕೊಂಡು ಹೋದ್ರೆ ಹೊತ್ತಾಗತ್ತೆ."

"ಕಾಲು ಮೇಲಕ್ಕೆತ್ತಿಟ್ಕೊಳ್ಳಿ ಭಾವ," ಎಂದ ಲೆಮ್.

ಮೊದಲ ಹತ್ತು ಮಾರಿಗೆ ಹೈರಮ್ ದೇವರನ್ನು ಕರೆದ. ಅರ್ಧ ಇಳಿಯುವಷ್ಟರಲ್ಲಿ ಟೋಪಿ ಹಾರಿತ್ತು, ಬಾಯಿಂದ ಒಂದು ಕೇಕೆ ಹೊರಟಿತ್ತು. ಕೆಳಗೆ ಹಿಮದ ಗುಡ್ಡೆಗೆ ತಲೆ ಹುಗಿದುಕೊಂಡು ನಿಂತ. ಮೂವತ್ತು ವರ್ಷದಲ್ಲಿ ಅವನಿಗೆ ಇಷ್ಟು ಖುಷಿಯಾಗಿರಲಿಲ್ಲ. ಬಾಣಲೆಯನ್ನು ಬೆನ್ನಿಗೆ ಕಟ್ಟಿಕೊಂಡು ಸಾಲಿನಲ್ಲಿ ಸೇರಿ, ಮುಂದಿನವನ ಹಿಮ್ಮಡಿ ನೋಡುತ್ತ, ತನ್ನಷ್ಟಕ್ಕೆ ನಗುತ್ತ ಆರು ತಾಸು ಹತ್ತಿದ.

ಸಾರ್ಜೆಂಟ್ ಬಾಣಲೆಗೆ ಗುರುತು ಹಾಕಿಕೊಂಡ. ಆಮೇಲೆ ತಲೆಯೆತ್ತಿ ಕೇಳಿದ.

"ಸಲಿಕೆ?"

ಹೈರಮ್ ಲೆಮ್‌ನ ಮುಖ ನೋಡಿದ. ಲೆಮ್ ಹುರುಳಿಕಾಳಿನ ಮಾತೆತ್ತದೆ ಮೂಟೆಯ ಗಂಟು ಬಿಗಿಮಾಡಿದ, ದೊಡ್ಡ ಮನುಷ್ಯ. ನಾಚಿಕೆಯಿಂದ ಹೈರಮ್‌ನ ಕಿವಿ ಕೆಂಪಾಯಿತು. ನಾಳೆಯ ದೋಣಿ ತಪ್ಪಿತೆಂದು ಅವನಿಗೆ ಗೊತ್ತಿತ್ತು. ಹೆಂಡತಿಯ ಬಾಗಿಲೂ ನೆನಪಾಯಿತು. ಮೆಲ್ಲಗೆ ಬಾಣಲೆಯತ್ತ ಕೈ ಚಾಚಿದ.

"ಬೆಳಕು ಹರೀತಿದ್ದ ಹಾಗೇ ನಾನೇ ಹೋಗಿ ತರ್ತೀನಿ ಕಣೋ."

ಲೆಮ್ ಅಷ್ಟರಲ್ಲಿ ಅದರ ಹಿಡಿ ಹಿಡಿದಿದ್ದ.

"ನಾಳೆ ನಂದು ಪಾಳಿ, ಭಾವ."