ಹಿಂದಿನ ಸಮುದ್ರ

ತಂದೆಯ ಅಂಗಿಯ ಮೇಲಿನ ಗುಂಡಿ ಹಾಕಲು ಮಗಳು ಬಾಗಿದಾಗ ತಾಯಿ ಅವಳ ಕೈ ಹಿಡಿದು ತಡೆದಳು.

"ಅದೊಂದು ಬಿಡೇ. ಕತ್ತು ಬಿಗಿಯುತ್ತೆ ಅಂತ ಜೀವಮಾನವೆಲ್ಲ ಹಾಕ್ಕೊಂಡವರಲ್ಲ. ಈಗ್ಯಾಕೆ ಹಿಂಸೆ?"

ಆ ಮಾತು ಬೀದಿಯವರೆಗೂ ಕೇಳಿಸಿತು. ಅವಳ ದನಿ ಹುಟ್ಟಿನಿಂದ ಅಷ್ಟು ದೊಡ್ಡದಲ್ಲ. ಹನ್ನೊಂದು ವರ್ಷಗಳ ಅಭ್ಯಾಸ ಅದನ್ನು ಹಾಗೆ ಮಾಡಿತ್ತು. ಕಿವಿ ಮಂದವಾದ ಗಂಡನೊಡನೆ ಬಾಳುವವಳು ಕೂಗಿ ಆಡದೆ ಇನ್ನೇನು ಮಾಡಿಯಾಳು? ಈಗ ಆ ಗಂಡ ನಡುಮನೆಯಲ್ಲಿ ಬಿಳಿಯ ಹೊದಿಕೆಯ ಕೆಳಗೆ ನಿಶ್ಚಲನಾಗಿ ಮಲಗಿದ್ದ. ನಾಲ್ಕು ಗಂಟೆಗೆ ವಾಹನ ಬರಲಿತ್ತು. ಆದರೂ ತಾಯಿಯ ದನಿ ತಗ್ಗಿರಲಿಲ್ಲ.

ಕಾಲ ಬಳಿ ಇಬ್ಬರು ಗೆಳೆಯರು ಕುಳಿತಿದ್ದರು. ಒಬ್ಬ ಸಿನಿಮಾ ನಿರ್ದೇಶಕ. ಇನ್ನೊಬ್ಬ ನಲವತ್ತು ವರ್ಷ ಸಂಕಲನದ ಮೇಜಿನ ಮುಂದೆ ಕುಳಿತು 'ಕತ್ತರಿ' ಎಂದೇ ಹೆಸರಾದವನು.

"ಇವನ ಬಾಯಿಂದ ಎರಡು ಮಾತು ಹೊರಡಿಸೋಕೆ ನಾಲ್ಕು ಲೋಟ ಚಹಾ ಖರ್ಚಾಗೋದು," ಎಂದ ಕತ್ತರಿ, ಕಣ್ಣೊರೆಸಿಕೊಳ್ಳುತ್ತ. "ಕತ್ತರಿಸೋಕೆ ಅಂತ ಒಂದು ಪದಾನೂ ಹೆಚ್ಚಿಗೆ ಬಿಡ್ತಿರಲಿಲ್ಲ ಪುಣ್ಯಾತ್ಮ."

ನಿರ್ದೇಶಕ ತಾಯಿಯತ್ತ ತಿರುಗಿದ. "ಅತ್ತಿಗೆ, ಸಿನಿಮಾ ಸಂಘದವರು ಮಣ್ಣು ಮಾಡೋ ಕಡೆ ನಾಲ್ಕು ಮಾತಾಡು ಅಂದಿದ್ದಾರೆ. ಆ ಕೊನೇ ಚಿತ್ರದ ವಿಷಯ ಎತ್ತಲ್ಲ, ಚಿಂತೆ ಮಾಡ್ಬೇಡಿ."

"ಎತ್ತಿದ್ರೂ ತಪ್ಪೇನು? ಕಿವಿ ಹೋಗಿದ್ದು ನಿಜ ತಾನೆ? ಕಿವಿ ಇಲ್ಲದ ಮೇಲೆ ಆ ಕೆಲಸಕ್ಕೆ ಯಾಕೆ ಕೂತ್ರಿ, ಆ ಚಿತ್ರ ಯಾಕೆ ಕೆಡಿಸಿದ್ರಿ ಅಂತ ದಿನಾ ಬೈದೆ. ಹ್ಞೂಂ ಅನ್ನೋರು, ಅಷ್ಟೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ."

ಮಗಳ ಬೆರಳು ಆ ಗುಂಡಿಯ ಮೇಲೆಯೇ ಉಳಿದಿತ್ತು. ಬಾಯಿಬಿಟ್ಟರೆ ತಂದೆಗೆ ಕೊಟ್ಟ ಮಾತು ಮುರಿಯುತ್ತದೆ, ತಾಯಿಯ ಎದೆಯೂ ಒಡೆಯುತ್ತದೆ. ಬಿಡದಿದ್ದರೆ, ತನ್ನದಲ್ಲದ ಕಳಂಕವನ್ನು ಹೊತ್ತು ಈತ ಮಣ್ಣಿಗೆ ಹೋಗುತ್ತಾನೆ. ಅದಕ್ಕೆ ಉಳಿದಿದ್ದದ್ದು ಒಂದು ಗಂಟೆ ಮಾತ್ರ.

"ಅಪ್ಪನ ಕಿವಿ ಹೋಗಿರಲಿಲ್ಲ," ಎಂದಳು. "ಆ ಚಿತ್ರ ಕೆಡಿಸಿದ್ದು ನಾನು."

*

ಆತ ಚಿತ್ರಗಳ ಧ್ವನಿಯನ್ನು ಹದಗೊಳಿಸುವವನು. ಕಿಟಕಿಯಿಲ್ಲದ ಕೋಣೆ, ಮುಂದೆ ಮೂರು ಸ್ಪೀಕರುಗಳು, ಹಿಂದೆ ಎರಡು, ಗುಡುಗಿನಂಥ ತಗ್ಗುದನಿಗೆಂದೇ ಮೂಲೆಯಲ್ಲಿ ಮತ್ತೊಂದು. ಮಾತು ಮುಂದಿನಿಂದ ಬರುತ್ತಿತ್ತು. ಗಾಳಿ, ಕಡಲು, ಸಂತೆಯ ಗದ್ದಲಗಳು ಪ್ರೇಕ್ಷಕನನ್ನು ಹಿಂದಿನಿಂದ ಬಳಸಿಕೊಳ್ಳುತ್ತಿದ್ದವು. ಪಿಸುಮಾತು ಕೇಳದೆ ಹೋಗಬಾರದು, ಸಿಡಿಲು ಕಿವಿ ಹರಿಯಬಾರದು. ಅದಕ್ಕಾಗಿ ಏರಿದ ದನಿಯನ್ನು ಅಮುಕಿ, ತಗ್ಗಿದ್ದನ್ನು ಮೇಲೆತ್ತಿ, ಎರಡರ ನಡುವಿನ ಅಂತರವನ್ನು ಕಿರಿದಾಗಿಸುವ ಕಂಪ್ರೆಸರ್ ಎಂಬ ಉಪಕರಣವಿತ್ತು. ವೈದ್ಯನು ವಿಷವನ್ನು ಔಷಧಕ್ಕೆ ಬಳಸುವಷ್ಟು ಅಳುಕಿನಿಂದ ಆತ ಅದನ್ನು ಬಳಸುತ್ತಿದ್ದ.

"ಒಂದೊಂದು ಕುದುರೆಗೂ ಬೇರೆ ಬೇರೆ ಕಡಿವಾಣ ಕಣೇ," ಎಂದು, ಸಹಾಯಕಿಯಾಗಿ ಜೊತೆಗಿದ್ದ ಮಗಳಿಗೆ ಕಲಿಸಿದ್ದ. "ಎಲ್ಲಕ್ಕೂ ಒಂದೇ ಹಾಕ್ಬೇಡ. ಮುಂದಿನವನು ಕೂಗಿದ್ರೆ ಹಿಂದಿನ ಸಮುದ್ರ ಯಾಕೆ ಬೆಚ್ಚಬೇಕು?"

ಆ ಚಿತ್ರದ ಕೊನೆಯ ಭಾಗದ ವೇಳೆಗೆ ಆತನಿಗೆ ಜ್ವರ. ಬಿಡುಗಡೆಯ ದಿನ ತಲೆಯ ಮೇಲಿತ್ತು. "ನೀನೇ ಮುಗಿಸು," ಎಂದು ಹಾಸಿಗೆ ಹಿಡಿದ. ಅವಳು ಅವಸರದಲ್ಲಿ, ಸ್ಪೀಕರುಗಳಿಗೆ ಹೋಗುವ ಎಲ್ಲ ದನಿಗಳನ್ನೂ ಒಂದೇ ಕಂಪ್ರೆಸರಿಗೆ ಕಟ್ಟಿದಳು. ಸಣ್ಣ ದನಿಯಲ್ಲಿ ಕೇಳಿಸಿಕೊಂಡಳು, ಎಲ್ಲವೂ ಸರಿಯೆನಿಸಿತು. ಆತ ಕೇಳದೆಯೇ, ಮಗಳ ಮೇಲಿನ ನಂಬಿಕೆಯಿಂದ, ಸಹಿ ಹಾಕಿದ.

ಮೊದಲ ಪ್ರದರ್ಶನ. ತೆರೆಯ ಮೇಲೆ, ದಡದಲ್ಲಿ ನಿಂತ ಅಣ್ಣ, ನೀರುಪಾಲಾದ ತಮ್ಮನನ್ನು ಕೂಗಿ ಕರೆದ. ಕೂಗನ್ನು ಅಮುಕಿದ ಕಂಪ್ರೆಸರ್ ಕಡಲನ್ನೂ ಅಮುಕಿತು; ಕೂಗಿದೊಡನೆ ಹಿಂದಿನ ಸಮುದ್ರ ತಟಕ್ಕನೆ ಬಾಯಿ ಮುಚ್ಚಿತು. ಕೂಗು ನಿಂತೊಡನೆ ಭುಸ್ಸೆಂದು ಮೇಲೆದ್ದಿತು. ಮತ್ತೆ ಕೂಗು, ಮತ್ತೆ ಮೌನ, ಮತ್ತೆ ಭುಸ್ಸು. ಕಡಲು ಕಡಲಾಗಿ ಉಳಿಯದೆ, ಓಡಿ ದಣಿದ ನಾಯಿಯಂತೆ ಏದುತ್ತಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಾಲ್ಕನೆಯ ಕೂಗಿಗೆ, ಅಳಬೇಕಾದ ಸಭೆಯೆಲ್ಲ ನಗುತ್ತಿತ್ತು.

"ಯಾರ್ರೀ ಮಾಡಿದ್ದು ಇದು?" ಹೊರಗೆ ನಿರ್ದೇಶಕ ಕೇಳಿದ.

"ನಾನೇ," ಎಂದ ತಂದೆ. "ಕಿವಿ ಮಂದ ಆಗಿದೆ. ಹೇಳೋಕೆ ನಾಚಿಕೆ ಆಯ್ತು."

ಮನೆಯ ದಾರಿಯಲ್ಲಿ ಅವಳು ಅತ್ತಾಗ ಆತ ಅಂದದ್ದಿಷ್ಟು: "ನಿನಗಿನ್ನೂ ಮೂವತ್ತು ವರ್ಷ ಕೆಲಸ ಇದೆ, ನನಗೆ ಹೆಚ್ಚಂದ್ರೆ ಮೂರು. ಅಮ್ಮನಿಗೂ ಹೇಳ್ಬೇಡ. ಅವಳ ಹೊಟ್ಟೇಲಿ ಮಾತು ನಿಲ್ಲಲ್ಲ, ಬೀದಿಗೆಲ್ಲ ಗೊತ್ತಾಗುತ್ತೆ."

ಆಮೇಲೆ ಯಾರೂ ಆತನನ್ನು ಕೆಲಸಕ್ಕೆ ಕರೆಯಲಿಲ್ಲ. ಮಗಳನ್ನು ಎಲ್ಲರೂ ಕರೆದರು.

*

ಕತ್ತರಿ ಎದ್ದು ಗೋಡೆಯತ್ತ ತಿರುಗಿ ನಿಂತ.

"ದಾರೀಲಿ ಸಿಕ್ಕಾಗ ಮುಖ ತಿರುಗಿಸಿಕೊಂಡು ಹೋದೆ ನಾನು," ಎಂದ ನಿರ್ದೇಶಕ. "ಒಂದ್ಸಲ ಅಲ್ಲ. ಹೇಳ್ಬಾರದಿತ್ತೇನಮ್ಮಾ?"

"ಹೇಳ್ಬೇಕಿತ್ತು. ಇವತ್ತು ಎಲ್ಲರ ಮುಂದೆ ನೀವು ಹೇಳಿ, ಸಾರ್. ನನ್ನ ಕೆಲಸ ಹೋದ್ರೆ ಹೋಗ್ಲಿ."

ತಾಯಿ ಇದಾವುದನ್ನೂ ಕೇಳಿದಂತಿರಲಿಲ್ಲ. ಅವಳು ಬೇರೇನನ್ನೋ ಕೂಡಿಸಿ ನೋಡುತ್ತಿದ್ದಳು.

"ಮತ್ತೆ ಫೋನು?" ಎಂದಳು. "ಹೊಡ್ಕೊಳ್ತಾ ಇದ್ರೂ ಪಕ್ಕದಲ್ಲೇ ಕೂತಿರೋರಲ್ಲ?"

"ಕೇಳಿಸ್ತಿತ್ತಮ್ಮ. ನೀನು ಕೂಗೋ ತನಕ ಕಾಯೋರು."

"ಪಕ್ಕದ ಮನೆ ನಲ್ಲಿ ತೊಟ್ಟಿಕ್ಕಿದ್ರೆ ಅರ್ಧಂಬರ್ಧ ಏಳೋರು. ಆಮೇಲೆ ಮತ್ತೆ ಕೂತ್ಕೊಳ್ಳೋರು. ಸೊಂಟ ನೋವು ಅಂದ್ಕೊಂಡೆ." ತಾಯಿ ಅಡುಗೆಮನೆಯತ್ತ ನೋಡಿದಳು. "ಅಡುಗೆಮನೇಲಿ ನಿಂತು, ಅವರಿಗೆಲ್ಲಿ ಕೇಳಿಸುತ್ತೆ ಅಂತ... ಇಂಥವರನ್ನ ಕಟ್ಕೊಂಡು ಹಾಳಾದೆ ಅಂತ, ಹೋಗಿಬಿಟ್ರೆ ಸಾಕು ಅಂತ... ಬಾಯಿಗೆ ಬಂದಿದ್ದೆಲ್ಲ ಅಂತಿದ್ನಲ್ಲೇ. ಅದೆಲ್ಲ?"

ಅಡುಗೆಮನೆಗೂ ಆತನ ಕುರ್ಚಿಗೂ ನಡುವೆ ಇದ್ದದ್ದು ಒಂದು ಬಟ್ಟೆಯ ಪರದೆ ಮಾತ್ರ.

ಬೀದಿಯಲ್ಲಿ ವಾಹನ ಬಂದು ನಿಂತಿತು. ಇಬ್ಬರು ಕೆಲಸಗಾರರು ಹೊಸ್ತಿಲ ಬಳಿ ಚಪ್ಪಲಿ ಬಿಟ್ಟು, ಕೈಕಟ್ಟಿ ಕಾದರು. ನಿರ್ದೇಶಕ ಭುಜ ಕೊಡಲು ಮುಂದಾದ.

"ಇರಿ," ಎಂದಳು ತಾಯಿ.

ತಲೆಯ ಬಳಿ ನೆಲಕ್ಕೆ ಕುಳಿತಳು. ಎರಡೂ ಅಂಗೈಗಳನ್ನೂರಿ ಬಾಗಿ, ಗಂಡನ ಕಿವಿಯ ಬಳಿಗೆ ಬಾಯಿ ತಂದಳು. ತುಟಿಗಳು ಅಲುಗುತ್ತಿದ್ದವು, ದನಿಯಿರಲಿಲ್ಲ. ಉಸಿರಿನ ಎಳೆಯನ್ನೂ ಹಿಡಿಯಬಲ್ಲ ಕಿವಿ ಮಗಳದು. ಆದರೆ ಎರಡು ಮಾರು ದೂರದಲ್ಲಿ ನಿಂತ ಅವಳಿಗೂ ಒಂದಕ್ಷರ ಕೇಳಿಸಲಿಲ್ಲ. ಕಿವಿಗೊಡುವುದೂ ಬೇಡವೆಂದು ಅವಳು ಬೀದಿಗಿಳಿದಳು.

"ಇಂಜಿನ್ ಆರಿಸಿಬಿಡಿ ಅಣ್ಣ."

"ತಡ ಆಗುತ್ತಮ್ಮಾ," ಎಂದ ಚಾಲಕ.

"ಆಗ್ಲಿ."

ಆತ ಕೀಲಿ ತಿರುಗಿಸಿದ. ಬೀದಿ ನಿಶ್ಶಬ್ದವಾಯಿತು. ತೆರೆದ ಬಾಗಿಲಿನೊಳಗೆ ತಾಯಿ ಬಾಗಿಯೇ ಇದ್ದಳು. ಒಂದು ಮಾತು ಆಡುವಳು, ಅದಕ್ಕೆ ಉತ್ತರ ಬರಲು ಬೇಕಾದಷ್ಟು ಹೊತ್ತು ಸುಮ್ಮನೆ ಕಾಯುವಳು, ಬಳಿಕ ಇನ್ನೊಂದು.