ಸತ್ಯವ್ವನ ಕಲ್ಲಿನ ಸಪ್ಪಳ

೧೯೬೩ನೇ ಇಸವಿ, ಯುಗಾದಿಗೆ ಇನ್ನು ನಾಲ್ಕು ದಿನ. ಉಪ್ಪಿನಬೆಟಗೇರಿ ಹಾದಿಯ ಕೆರೆಗೆ ಗಿಡಿಯನ್ ಮಾಸ್ತರರು ಹೆಂಡತಿ ಹನ್ನಾಳನ್ನು ಕರೆತಂದಾಗ ಹೊತ್ತು ಮಾರುದ್ದ ಏರಿತ್ತು. ಇಲ್ಲಿ ಹಕ್ಕಿ ಹೊಡೆಯಬಾರದೆಂದು ಸರಕಾರ ಹಲಗೆ ನೆಟ್ಟಿತ್ತು. ಅದರ ಮೇಲೊಂದು ಮಿಂಚುಳ್ಳಿ ಕೂತಿತ್ತು.

“ತಲಿಮ್ಯಾಲೆ ಎರಡು ಕರೀ ಪಟ್ಟಿ ಇರೋ ಬಾತು ತೋರಸ್ತೇನಿ ಅಂತ ಮೂರು ವರ್ಷಾತು,” ಎಂದಳು ಹನ್ನಾ. “ದುರ್ಬೀನು ನಿಮ್ಮ ಕಣ್ಣು ಬಿಟ್ಟು ಇಳದಿಲ್ಲ. ನನಗ ಕಂಡದ್ದು ನಿಮ್ಮ ಬೆನ್ನಷ್ಟ.”

ಮಾಸ್ತರರು ನಕ್ಕರು, ಆದರೆ ಒಳಗೆ ಚುರುಕ್ಕೆಂದಿತು. ಮುಂದಿನ ವಾರ ಅವರಿಗೆ ಕಾರವಾರಕ್ಕೆ ವರ್ಗ. ಬಾತುಗಳೂ ಇಂದೋ ನಾಳೆಯೋ ಉತ್ತರಕ್ಕೆ ಹೊರಡುವವು. ಈ ದಿನ ತಪ್ಪಿದರೆ ಮತ್ತಿಲ್ಲ.

ಆಚೆ ದಂಡೆಯಲ್ಲಿ ಮೂವತ್ತು ಬಾತುಗಳು ರೆಕ್ಕೆಯೊಳಗೆ ತಲೆ ತೂರಿಸಿ ನಿದ್ದೆ ಮಾಡುತ್ತಿದ್ದವು. ಈಚೆ, ಊರವರ ಬಟ್ಟೆ ಒಗೆಯುವ ಸತ್ಯವ್ವ ಕಲ್ಲಿಗೆ ಧಪಧಪ ಬಡಿಯುತ್ತಿದ್ದಳು.

“ಸತ್ಯವ್ವಾ, ಹತ್ತು ಮಿನಿಟ ನಿಲ್ಲಸ್ರಿ. ಸಪ್ಪಳಕ್ಕ ಹಕ್ಕಿ ಅಂಜತಾವ,” ಎಂದರು ಮಾಸ್ತರರು.

ಸತ್ಯವ್ವ ಅವರನ್ನೊಮ್ಮೆ, ಹಕ್ಕಿಗಳನ್ನೊಮ್ಮೆ ನೋಡಿದಳು. “ಆಗಲಿ ತಗೋರಿ,” ಎಂದು ಕೈ ಒರೆಸಿಕೊಂಡು ಬುತ್ತಿ ಬಿಚ್ಚಿದಳು.

ಕೆರೆ ಸುಮ್ಮನಾಯಿತು. ಒಂದು ಬಾತು ಕತ್ತೆತ್ತಿತು, ಹಿಂದೆಯೇ ಎಲ್ಲವೂ. ಹನ್ನಾ ದುರ್ಬೀನು ಕೇಳುವುದರೊಳಗೆ ಗುಂಪೆಲ್ಲ ಎದ್ದು, ಕೂಗುತ್ತ ಹೊಲದ ಮೇಲೆ ಸುತ್ತತೊಡಗಿತು.

“ನಾಕು ತಿಂಗಳಿಂದ ಈ ಸಪ್ಪಳದಾಗ ಉಂಡು ಮಲಗ್ಯಾವ,” ಎಂದಳು ಸತ್ಯವ್ವ, ರೊಟ್ಟಿ ಮುರಿಯುತ್ತ. “ಅದು ನಿಂತರ, ನಾ ಏನರ ಕಂಡು ಅಂಜೇನಿ ಅಂತ ತಿಳೀತಾವ.”

“ಮೊದಲ ಹೇಳಬಾರದಾ?”

“ನೀವು ಸಾಲಿ ಮಾಸ್ತರು. ನಿಮಗ ನಾ ಏನ್ ಹೇಳ್ಲಿ?”

“ಹಂಗಾರ ಲಗೂ ಬಡೀರಿ.”

“ನಾ ಉಣ್ಣಾಕತ್ತೇನ್ರಿ. ಕಲ್ಲು ಅಲ್ಲೇ ಐತಿ. ಗುಂಡಿ ಇರದ ಅರಿವಿ ತಗೋರಿ, ಇಲ್ಲಾಂದ್ರ ಒಡದಾವು.”

ಮಾಸ್ತರರು ಸುತ್ತುವ ಹಕ್ಕಿಗಳನ್ನು ನೋಡಿದರು. ಕೊರಳಿನ ದುರ್ಬೀನು ತೆಗೆದು ಹನ್ನಾಳ ಕೈಗಿತ್ತು, ಧೋತರ ಮೇಲೆ ಕಟ್ಟಿ, ಬಟ್ಟೆ ಗಂಟಿನಿಂದ ಒಂದು ಚಾದರ ಎಳೆದುಕೊಂಡು, ಕೆರೆಗೆ ಬೆನ್ನು ಮಾಡಿ ಮೊಣಕಾಲುದ್ದ ನೀರಲ್ಲಿ ನಿಂತರು. ಮೊದಲ ಏಟಿಗೆ ಕನ್ನಡಕವೆಲ್ಲ ನೊರೆ.

“ಹುಡುಗೂರನ್ನ ಬಡದಂಗಲ್ರಿ ಮಾಸ್ತರ. ನಿಧಾನಕ, ಒಂದ ತಾಳದಾಗ.”

ಧಪ್. ಧಪ್. ಚಾದರ ಭಾರವಾಯಿತು, ರಟ್ಟೆ ಸೋತವು. ಬೆನ್ನ ಹಿಂದೆ ಕೂಗು ಹತ್ತಿರವಾಯಿತು, ನೀರು ಸರ್‍ರನೆ ಸೀಳಿದ ಸದ್ದಾಯಿತು.

“ಬಂದುವೇನು?”

“ಹೊಳ್ಳಿ ನೋಡಬ್ಯಾಡ್ರಿ, ಬಡೀರಿ.” ಹನ್ನಾ ದುರ್ಬೀನು ಇಳಿಸದೆ ಹೇಳಿದಳು. “ಒಂದು ಪಟ್ಟಿ ಈ ಕಣ್ಣಿಂದ ಆ ಕಣ್ಣಿಗೆ. ಇನ್ನೊಂದು ಅದರ ಹಿಂದ. ಮಸೀಲೆ ಗೆರಿ ಎಳದಂಗ. ನೀವು ಹೇಳಿದ್ದು ಖರೇನ ಐತಿ.”

ಮಾಸ್ತರರಿಗೆ ಆ ದಿನ ಒಂದು ಬಾತೂ ಸರಿಯಾಗಿ ಕಾಣಲಿಲ್ಲ. ಆದರೂ ಕೈ ನಿಲ್ಲಿಸಲಿಲ್ಲ. ಸತ್ಯವ್ವ ರೊಟ್ಟಿ ಮುಗಿಸಿಯೂ ಏಳದೆ, ಗಂಟಿನಿಂದ ಇನ್ನೊಂದು ಚಾದರ ಎಳೆದು ಅವರ ಕಡೆ ಚಾಚಿದಳು.