ಹಂಸಾಳ ‘ಸ್ವಲ್ಪ’

ಹಂಸಾಳನ್ನು ನಾನು ಮೊದಲು ಕಂಡಾಗ ಅವಳು ಒಂದು ಕಾರಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಅವಳು ನನ್ನನ್ನು ಮೊದಲು ಕಂಡಾಗ ನಾನು ಅದೇ ಕಾರಿನ ಕೆಳಗೆ ಬೋರಲು ಮಲಗಿದ್ದೆ. ನಮ್ಮ ಕನ್ನಡ ಸಂಘದ ಯುಗಾದಿ ಊಟದ ದಿನ. ಪಿಸ್ಕಾಟವೇಯ ಒಂದು ಶಾಲೆಯ ಪಾರ್ಕಿಂಗ್ ಲಾಟಿನಲ್ಲಿ ಕೊನೆಯ ಹಿಮ ಕರಗಿ ಕೆಸರಾಗಿತ್ತು. ಇನ್ನರ್ಧ ಗಂಟೆಯಲ್ಲಿ ವೇದಿಕೆಯೇರಿ ಹಾಸ್ಯಭಾಷಣ ಮಾಡಬೇಕಿದ್ದ ನಾನು, ಇಸ್ತ್ರಿಯ ಗೆರೆ ಮುರಿಯದ ಬಿಳಿ ಜುಬ್ಬದಲ್ಲಿ ಗಂಭೀರವಾಗಿ ಬರುತ್ತಿದ್ದವನು, ನೆಲ ನೋಡುತ್ತ ಕೂತಿದ್ದ ಹೆಣ್ಣುಮಗಳನ್ನು ಕಂಡು ಓಲೆಯೋ ಬೀಗದಕೈಯೋ ಬಿದ್ದುಹೋಗಿರಬೇಕೆಂದು ತೀರ್ಮಾನಿಸಿದೆ.

“ಏನಮ್ಮಾ, ಏನಾದ್ರೂ ಬಿತ್ತಾ?”

“ಸ್ವಲ್ಪ ಇರಿ” ಎಂದಳು, ತಲೆಯೆತ್ತದೆ.

ಇದನ್ನು ಒಪ್ಪಿಗೆಯೆಂದು ತಿಳಿದು, ಫೋನಿನ ಟಾರ್ಚು ಹೊತ್ತಿಸಿಕೊಂಡು ಕಾರಿನಡಿ ತೆವಳಿದೆ. ಐದು ನಿಮಿಷದ ಶೋಧನೆಯ ತರುವಾಯ ಯಾರದೋ ಒಂಟಿ ಕೈಗವಸನ್ನು ಎತ್ತಿ ಹಿಡಿದು ಹೊರಬಂದು “ಇದೇನಾ?” ಎಂದೆ.

“ಅಲ್ಲ ಅಂಕಲ್. ನಾನೇನೂ ಕಳ್ಕೊಂಡಿಲ್ಲ. ಹೊಟ್ಟೆನೋವು, ಸ್ವಲ್ಪ. ನೀವು ಅಷ್ಟು ಶ್ರದ್ಧೆಯಿಂದ ಹುಡುಕ್ತಿದ್ರಿ, ನಿಮಗೆ ಬೇಜಾರಾಗುತ್ತೇಂತ ಸುಮ್ನಿದ್ದೆ.”

ಎದೆಯುದ್ದಕ್ಕೂ ಎಂಜಿನ್ ಆಯಿಲು ಬಳಿದುಕೊಂಡ ಜುಬ್ಬದಲ್ಲೇ ವೇದಿಕೆ ಹತ್ತಿದೆ. ಆ ವರ್ಷ ನನ್ನ ಭಾಷಣಕ್ಕೆ ಸಭಿಕರು ನಕ್ಕದ್ದು ಅದೊಂದೇ ಸಲ, ನಾನು ಬಾಯಿ ತೆರೆಯುವ ಮುಂಚೆ.

ಹಂಸಾ ಮತ್ತು ಅವಳ ಗಂಡ ದರ್ಶನ್ ನಮ್ಮ ಅಪಾರ್ಟ್‌ಮೆಂಟಿನ ಮೇಲಿನ ಮಹಡಿಗೆ ಬಾಡಿಗೆಗೆ ಬಂದಿದ್ದರೆಂಬುದು ಊಟದ ಸಾಲಿನಲ್ಲಿ ತಿಳಿಯಿತು. ಅವಳ ‘ಸ್ವಲ್ಪ’ದ ಅರ್ಥ ತಿಳಿಯುವುದಕ್ಕೆ ಮಾತ್ರ ಬಹಳ ಕಾಲ ಹಿಡಿಯಿತು. ನಮ್ಮ ನಿಮ್ಮ ಸ್ವಲ್ಪವೆಂದರೆ ಉಪ್ಪಿನಕಾಯಿಯಷ್ಟು. ಅವಳದು ಇಡೀ ಊಟದೆಲೆಯಷ್ಟು. ಬಚ್ಚಲಲ್ಲಿ ಪ್ರಜ್ಞೆ ತಪ್ಪಿ ಬಿದ್ದು ಹಣೆಗೆ ನಾಲ್ಕು ಹೊಲಿಗೆ ಹಾಕಿಸಿಕೊಂಡು ಬಂದ ದಿನ “ಸ್ವಲ್ಪ ತಲೆ ಸುತ್ತಿತು ಆಂಟಿ” ಎಂದು ನನ್ನ ಹೆಂಡತಿ ರಮಾಮಣಿಗೆ ಹೇಳಿದಳು. ನೋವಿಗೆ ಹಲ್ಲು ಕಚ್ಚಿ ಕಚ್ಚಿ ಒಂದು ದವಡೆಹಲ್ಲು ಸೀಳಿತೆಂದು ದರ್ಶನ್ ಹೇಳಿದಾಗ, “ಆ ಹಲ್ಲು ಮೊದಲಿಂದಲೂ ಸ್ವಲ್ಪ ವೀಕು” ಎಂದು ಹಲ್ಲಿನ ಮೇಲೇ ತಪ್ಪು ಹೊರಿಸಿದಳು.

ಅವಳಿಗೊಂದು ಕಂದು ಬಣ್ಣದ ಉದ್ದನೆಯ ಕೋಟಿತ್ತು. ಅದರ ಒಳಮೈಗೆ, ಕಿಬ್ಬೊಟ್ಟೆಯ ನೇರಕ್ಕೆ, ತಾನೇ ಒಂದು ಜೇಬು ಹೊಲಿದು ಅದರೊಳಗೆ ಬಿಸಿನೀರಿನ ಚೀಲವನ್ನಿಟ್ಟುಕೊಳ್ಳುತ್ತಿದ್ದಳು. ಆದ್ದರಿಂದ ತಿಂಗಳ ಆ ಏಳೆಂಟು ದಿನ, ಎಡಗಾಲನ್ನು ಕೊಂಚ ಎಳೆದು, ಎಡಗೈಯಿಂದ ಕೋಟನ್ನು ಒತ್ತಿಹಿಡಿದು ಅವಳು ಮೆಟ್ಟಿಲಿಳಿಯುವಾಗ ಗುಳುಗುಳು ಸದ್ದಾಗುತ್ತಿತ್ತು. ಜನರೆಲ್ಲ ಚಡ್ಡಿಗಿಳಿಯುವ ಜೂನಿನಲ್ಲೂ ಕೋಟು ಕಳಚದ, ಹೊಟ್ಟೆಯ ಮೇಲಿನ ಕೈ ತೆಗೆಯದ, ಮದುವೆಯಾಗಿ ಆರು ವರ್ಷವಾದ ಹೆಣ್ಣನ್ನು ನಮ್ಮ ಸಂಘದವರು ಒಂದೇ ರೀತಿ ಅರ್ಥಮಾಡಿಕೊಳ್ಳಬಲ್ಲರು. ರಮಾಮಣಿಯೇ ಒಂದು ದಿನ ಲಿಫ್ಟಿನಲ್ಲಿ ಕಣ್ಣರಳಿಸಿ, “ಏನೇ ಹಂಸಾ, ವಿಶೇಷವೇನೇ?” ಎಂದಳು.

“ವಿಶೇಷ ಏನಿಲ್ಲ ಆಂಟಿ. ಬಿಸಿನೀರು.”

ಕ್ರ್ಯಾನ್‌ಬರಿ ಎಂಬ ಊರಿನ ಔಷಧ ಕಂಪನಿಯೊಂದರ ಪ್ರಯೋಗಾಲಯದಲ್ಲಿ ಅವಳಿಗೆ ಕೆಲಸ. ನೋವಿನ ಮಾತ್ರೆ ನೀರಲ್ಲಿ ಎಷ್ಟು ನಿಮಿಷಕ್ಕೆ ಕರಗುತ್ತದೆಂದು ಪರೀಕ್ಷಿಸುವುದು. ಗಾಜಿನ ಪಾತ್ರೆಗಳಲ್ಲಿ ಮಾತ್ರೆಗಳು ಸದ್ದಿಲ್ಲದೆ ಕರಗುವುದನ್ನು, ಬಿಳಿಕೋಟಿನೊಳಗೆ ಬಿಸಿನೀರು ಕಟ್ಟಿಕೊಂಡು, ಮೇಜಿನಂಚು ಹಿಡಿದು ನೋಡುತ್ತ ನಿಲ್ಲುವುದು. “ಅಲ್ಲಿ ಕರಗ್ತವೆ ಅಂಕಲ್, ಚೆನ್ನಾಗಿ ಕರಗ್ತವೆ” ಎನ್ನುತ್ತಿದ್ದಳು. ಅವಳು ಬಯಸಿದ್ದು ಹೆಚ್ಚೇನಲ್ಲ: ಹದಿಮೂರನೆಯ ವಯಸ್ಸಿನಿಂದ ತನ್ನನ್ನು ತಿನ್ನುತ್ತಿರುವುದಕ್ಕೆ ಯಾರಾದರೂ ಒಂದು ಹೆಸರು ಹೇಳಬೇಕು. ಮಂಡ್ಯದಲ್ಲಿರುವ ತಾಯಿ ಕೃಷ್ಣಮ್ಮನವರು ಮದುವೆಯಾದರೆ ಸರಿಹೋಗುತ್ತದೆಂದು ಹೇಳಿದ್ದರು. ಮದುವೆಯಾದ ಮೇಲೆ, ಮಗುವಾದರೆ ಸರಿಹೋಗುತ್ತದೆಂದರು. ಇಲ್ಲಿನ ಮೊದಲ ವೈದ್ಯೆ ನೋವಿಗೆ ಹತ್ತರಲ್ಲಿ ಎಷ್ಟು ಅಂಕವೆಂದು ಕೇಳಿದಾಗ ಹಂಸಾ ನಾಲ್ಕು ಎಂದಳಂತೆ. ಹತ್ತೆಂದರೆ ಕೂಗಾಡಬೇಕಲ್ಲ, ನಾನು ಕೂಗಾಡ್ತಿರಲಿಲ್ಲ ಎಂಬುದು ಅವಳ ತರ್ಕ. ನಾಲ್ಕು ಅಂಕದವರಿಗೆ ಎಲ್ಲೆಡೆ ಆಗುವುದೇ ಆಯಿತು: ಎಲ್ಲ ಹೆಂಗಸರಿಗೂ ಇರುವಂಥದ್ದೆಂದು ಹೇಳಿ ಕಳಿಸಿದರು.

ಇಷ್ಟು ಹೊತ್ತಿಗೆ ನಾನು ಪ್ರವೇಶಿಸಿದೆ. ಹುಳಿತೇಗಿನಲ್ಲಿ ಇಪ್ಪತ್ತು ವರ್ಷದ ಅನುಭವವಿರುವ ನನಗೆ ಹೊಟ್ಟೆಯ ವಿಚಾರದಲ್ಲಿ ಗೊತ್ತಿಲ್ಲದ್ದೇನೂ ಇರಲಿಲ್ಲ. “ನನ್ನ ಡಾಕ್ಟರು ದೇವರಂಥವರು” ಎಂದು ನಾನೇ ಅಪಾಯಿಂಟ್‌ಮೆಂಟ್ ಮಾಡಿಸಿದೆ. ದರ್ಶನ್ ಅಂದು ಮ್ಯಾನ್‌ಹಟನ್ನಿನ ಆಫೀಸಿಗೆ ಹೋಗಿದ್ದ. ಮನೆಯಿಂದಲೇ ಕೆಲಸ ಮಾಡುವ, ಅಂದರೆ ಮನೆಯಲ್ಲಿದ್ದೂ ಕೆಲಸ ಮಾಡದ ನಾನು ಡ್ರೈವ್ ಮಾಡಿದೆ. ಕಾಯುವ ಕೋಣೆಯಲ್ಲಿ ಅವಳು ಹೊಟ್ಟೆ ಹಿಡಿದು ಮುದುಡಿ ಕೂತಿದ್ದಳು. ಪೆನ್ನು ಹಿಡಿಯಲಾರದೆ, “ಅಂಕಲ್, ಫಾರಂ ನೀವೇ ತುಂಬಿ” ಎಂದಳು.

ಅದರಲ್ಲೊಂದು ಮನುಷ್ಯಾಕೃತಿ. ಹೆಣ್ಣೂ ಅಲ್ಲ ಗಂಡೂ ಅಲ್ಲ. ನನ್ನ ಹಾಗೆ ಬೋಳುತಲೆ. ನೋವಿರುವಲ್ಲಿ ಸುತ್ತು ಹಾಕಿ ಎಂದು ಬರೆದಿತ್ತು. ನಾನು ಎದೆಯ ಕೆಳಗೆ ಪೆನ್ನಿಟ್ಟೆ. “ಕೆಳಗೆ” ಎಂದಳು. ಇಳಿಸಿದೆ. “ಇನ್ನೂ ಕೆಳಗೆ ಅಂಕಲ್” ಎಂದು, ಬಿಳಿಚಿದ ಬೆರಳಿನಿಂದ ಕಾಗದದ ಮೇಲೆ ಜಾಗ ಮುಟ್ಟಿ ತೋರಿಸಿ ಕಣ್ಣುಮುಚ್ಚಿದಳು. ಅವಳು ತೋರಿಸಿದ್ದು ನನಗೆ ತಿಳಿಯಲಿಲ್ಲವೆಂದರೆ ಸುಳ್ಳಾಗುತ್ತದೆ. ಐವತ್ತನಾಲ್ಕು ವರ್ಷದ ನನ್ನ ಸಭ್ಯತೆ ಹೊಕ್ಕುಳಿನಿಂದ ಕೆಳಗಿಳಿಯಲು ಒಪ್ಪಲಿಲ್ಲ. ಹೊಕ್ಕುಳ ಸುತ್ತ ಒಂದು ದುಂಡನೆಯ, ಯಾರ ಮನಸ್ಸಿಗೂ ಮುಜುಗರವಾಗದ ಸುತ್ತು ಹಾಕಿದೆ. ಕೊನೆಯ ಮುಟ್ಟಿನ ದಿನಾಂಕ ಕೇಳಿದ್ದಲ್ಲಿ ಅಡ್ಡಗೆರೆ ಎಳೆದೆ.

ಒಳಗೆ ಡಾಕ್ಟರು “ಸ್ಟಮಕ್ ಪೇನ್?” ಎಂದಾಗ ಅವಳೂ ಹೌದೆಂದಳಂತೆ. ಅವಳ ಮನೆಯಲ್ಲಿ ಅದಕ್ಕಿದ್ದ ಹೆಸರೇ ಹೊಟ್ಟೆನೋವು; ಶಾಲೆಯ ರಜಾ ಚೀಟಿಯಲ್ಲೂ ಅದೇ, ಕೃಷ್ಣಮ್ಮನವರ ಫೋನಿನಲ್ಲೂ ಅದೇ. ಹೀಗೆ ಅವಳ ಮಾತು, ನನ್ನ ಸುತ್ತು ಎರಡೂ ಸೇರಿ ಕಾಯಿಲೆಯನ್ನು ಜಠರಕ್ಕೆ ಹತ್ತಿಸಿದವು. ಬಾಯಿಂದ ಕ್ಯಾಮೆರಾ ಇಳಿಸಿದರು. ಆಮ್ಲದ ಮಾತ್ರೆ ಕೊಟ್ಟರು. ಗೋಧಿ ಬಿಡಿಸಿದರು, ಹಾಲು ಬಿಡಿಸಿದರು, ಆಮೇಲೆ ತೊಗರಿಬೇಳೆಯನ್ನೂ. ನಡುವೆ ಸ್ತ್ರೀರೋಗ ತಜ್ಞರೊಬ್ಬರು ಸ್ಕ್ಯಾನಿನಲ್ಲಿ ಏನೂ ಕಾಣುವುದಿಲ್ಲವೆಂದು ಹೇಳಿ, ಮನಸ್ಸಿನ ಡಾಕ್ಟರನ್ನು ನೋಡಲು ಚೀಟಿ ಬರೆದರು. ಪ್ರತಿ ಸಲ ಕಾರಿಗೆ ಮರಳಿದಾಗ “ಏನಂದ್ರು?” ಎಂದು ಕೇಳುತ್ತಿದ್ದೆ. “ನಾರ್ಮಲ್ ಅಂಕಲ್” ಎಂದು ಕಿಟಕಿಯ ಕಡೆ ತಿರುಗುತ್ತಿದ್ದಳು. ಆ ಪದವನ್ನು ಶಾಪದಂತೆ ಉಚ್ಚರಿಸಿದ ಇನ್ನೊಬ್ಬರನ್ನು ನಾನು ಕಂಡಿಲ್ಲ. ಮೂರು ವರ್ಷ ಹೀಗೆ ಕಳೆಯಿತು. ಏಳು ದಿನದ ನೋವು ಹದಿನೈದಾಯಿತು. ಕೋಟಿನೊಳಗೆ ಎರಡನೆಯ ಜೇಬು ಬಂತು.

ಕಡೆಗೆ ಫೋರ್ಟ್ ಲೀಯ ವಯಸ್ಸಾದ ಶಸ್ತ್ರವೈದ್ಯೆಯೊಬ್ಬರು ಅಂಕ ಕೇಳಲಿಲ್ಲ. ಆ ದಿನಗಳಲ್ಲಿ ನೀನು ಏನೇನು ಮಾಡುವುದಿಲ್ಲ ಎಂದು ಕೇಳಿದರಂತೆ. ಹಂಸಾ ಯೋಚಿಸಿ, ಮೆಟ್ಟಿಲು ಹತ್ತುವುದಿಲ್ಲ, ಸೀನುವುದಿಲ್ಲ, ಗಂಡನ ಪಕ್ಕ ಮಲಗುವುದಿಲ್ಲ, ನಗುವುದಿಲ್ಲ ಎಂದಳಂತೆ. ಆಕೆ ಪೆನ್ನು ಕೆಳಗಿಟ್ಟು, ಹಂಸಾ ನನಗೆ ಕಾಗದದ ಮೇಲೆ ತೋರಿಸಿದ್ದ ಅದೇ ಜಾಗದಲ್ಲಿ, ಅವಳ ಮೈಮೇಲೆಯೇ, ಎರಡು ಬೆರಳೂರಿ, “ಇಲ್ಲಿ?” ಎಂದರಂತೆ. ಇಪ್ಪತ್ತೊಂದು ವರ್ಷದಲ್ಲಿ ಮೊದಲ ಸಲ ಹಂಸಾ ಕೂಗಿದಳು.

ಐದು ಗಂಟೆಯ ಶಸ್ತ್ರಚಿಕಿತ್ಸೆ. ಹೆಸರು ಸಿಕ್ಕಿತು: ಎಂಡೋಮೆಟ್ರಿಯೋಸಿಸ್. ಗರ್ಭಕೋಶದ ಒಳಪದರದಂಥದ್ದೇ ಹೊರಗೆಲ್ಲೆಲ್ಲೋ ಬೆಳೆದು, ತಿಂಗಳು ತಿಂಗಳೂ ಅಲ್ಲಿಯೇ ರಕ್ತ ಒಸರಿ, ಕರುಳನ್ನೂ ಗರ್ಭಕೋಶವನ್ನೂ ಅಂಟಿನಂತೆ ಬೆಸೆದುಬಿಟ್ಟಿತ್ತು. ಎಡ ಅಂಡಾಶಯವನ್ನು ತೆಗೆದುಹಾಕಿದರು. ಬಲದ್ದರ ಬಗ್ಗೆ ಭರವಸೆ ಕೊಡಲಾರೆವೆಂದರು. ಎರಡು ಮೂರು ವರ್ಷ ಮೊದಲೇ ಬಂದಿದ್ದರೆ ಎಡದ್ದನ್ನೂ ಉಳಿಸಬಹುದಿತ್ತೇನೋ ಎಂದು ಆ ವೈದ್ಯೆ ದರ್ಶನ್‌ಗೆ ಹೇಳಿದಾಗ ಪಕ್ಕದ ಕುರ್ಚಿಯಲ್ಲಿ ನಾನಿದ್ದೆ.

ಹತ್ತು ದಿನದ ಮೇಲೆ ರಮಾಮಣಿ ಕೊಟ್ಟ ಸಾರಿನ ಫ್ಲಾಸ್ಕು ಹಿಡಿದು ಮೇಲೆ ಹೋದೆ. ಹಂಸಾ ಸೋಫಾದಲ್ಲಿ ಒರಗಿದ್ದಳು. ಬಾಗಿಲ ಹಿಂದಿನ ಮೊಳೆಯಲ್ಲಿ ಕೋಟು ಸದ್ದಿಲ್ಲದೆ ತೂಗುತ್ತಿತ್ತು.

“ಆ ಫಾರಂ ನೆನಪಿದೆಯೇನಮ್ಮಾ? ನೀನು ಕೆಳಗೆ ತೋರಿಸಿದ್ದೆ. ನಾನು ಎರಡು ಇಂಚು ಮೇಲೆ ಸುತ್ತು ಹಾಕಿದೆ.”

“ಗೊತ್ತು ಅಂಕಲ್. ಡಾಕ್ಟರ್ ರೂಮಲ್ಲಿ ನೋಡಿದೆ.”

“ಮತ್ಯಾಕೆ ಹೇಳಲಿಲ್ಲ?”

“ನಿಮಗೆ ಬೇಜಾರಾಗುತ್ತೇಂತ ಸುಮ್ನಿದ್ದೆ.”

ನೋವು ನುಂಗುವ ಹೆಂಗಸರನ್ನು ಸಹನಾಮೂರ್ತಿಗಳೆಂದು ವೇದಿಕೆಯಿಂದ ಹೊಗಳಿದವರಲ್ಲಿ ನಾನೂ ಒಬ್ಬ. ಶಾಲು ಹೊದಿಸಿಯೂ ಇದ್ದೇನೆ. ಆದರೆ ಹಂಸಾಳಂಥವರು ನುಂಗಿದ್ದು ತಮ್ಮ ನೋವೊಂದನ್ನೇ ಅಲ್ಲ. ಅವರು ಜಾಗ ಮುಟ್ಟಿ ತೋರಿಸಿಯೇ ಇರುತ್ತಾರೆ. ಆ ಬೆರಳನ್ನು ನಾವು ನಮಗೆ ಹಿತವಾದ ಕಡೆಗೆ ಸರಿಸಿಕೊಳ್ಳುತ್ತೇವೆ, ಹಾಗೆ ಸರಿಸಿದ ನಮ್ಮ ಮುಜುಗರವನ್ನೂ ಅವರೇ ಹೊತ್ತು, ಕೋಟಿನೊಳಗೆ ಇನ್ನೊಂದು ಜೇಬು ಹೊಲಿದುಕೊಳ್ಳುತ್ತಾರೆ.

ಫ್ಲಾಸ್ಕನ್ನು ಮೇಜಿನ ಮೇಲಿಟ್ಟೆ. ಕೇಳದೆ ಮೆಟ್ಟಿಲಿಳಿಯಲು ಆಗಲಿಲ್ಲ.

“ನನ್ನ ಮೇಲೆ ಸಿಟ್ಟಿದೆಯೇನಮ್ಮಾ?”

“ಸ್ವಲ್ಪ, ಅಂಕಲ್.”